ಹಾಜರಿ ಪುಸ್ತಕದಲ್ಲೇ ಇದೆ ಜ್ವರದ ಸುಳಿವು

ವಿಟಿಯುನಲ್ಲಿ ಬಿಇ ಓದುವವರಿಗೆಲ್ಲ ಗೊತ್ತು, ಡಿಗ್ರಿ ಕೈಗೆ ಬರಬೇಕಾದರೆ 100 ಆ್ಯಕ್ಟಿವಿಟಿ ಪಾಯಿಂಟ್ ಬೇಕು. ಅದಕ್ಕಾಗಿ ನಾವು ನಾಲ್ವರು ವೈಟ್‌ಫೀಲ್ಡ್‌ನಿಂದ ಹೊಸಕೋಟೆ ಕಡೆಗಿರುವ ಒಂದು ಹಳ್ಳಿಯ ಸರ್ಕಾರಿ ಪ್ರಾಥಮಿಕ ಶಾಲೆಗೆ ಶನಿವಾರಗಳಂದು ಹೋಗುತ್ತಿದ್ದೇವೆ. ಅಲ್ಲಿ ಊರಿನ ಮಕ್ಕಳಿಗಿಂತ ರಾಯಚೂರು, ಯಾದಗಿರಿ, ಬಿಹಾರದಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳೇ ಹೆಚ್ಚು. 'ಕೈ ತೊಳೆಯಿರಿ' ಪೋಸ್ಟರ್ ಮಾಡಿಕೊಡಲೇ ಎಂದು ಕೇಳಿದಾಗ ಹೆಡ್‌ಮಿಸ್ ನಕ್ಕರು. 'ಪೋಸ್ಟರ್ ಗೋಡೆ ತುಂಬ ಇದೆಯಪ್ಪ. ಈ ಹಾಜರಿ ಪುಸ್ತಕ ಕಂಪ್ಯೂಟರ್‌ಗೆ ಹಾಕಿಕೊಡಿ' ಎಂದರು.

ಎಕ್ಸೆಲ್‌ಗೆ ಹಾಕಿದ ಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ಮೂರನೇ ತರಗತಿಯಲ್ಲಿ ಮೊದಲು ಇಬ್ಬರು ಗೈರು. ಸುಮಾರು ಎರಡು ವಾರ ಕಳೆದ ಮೇಲೆ ಒಟ್ಟಿಗೆ ಏಳು ಮಂದಿ. ಅದು ಸೀತಾಳೆ ಸಿಡುಬು, ನಮ್ಮ ಕಡೆ 'ಅಮ್ಮ' ಅನ್ನುವುದು. ಸೋಂಕು ತಗುಲಿ ಗುಳ್ಳೆ ಏಳಲು 10ರಿಂದ 21 ದಿನ ಬೇಕು. ಎರಡನೇ ಗುಂಪಿನ ಮಕ್ಕಳಿಗೆ ಅದು ಎಲ್ಲಿಂದ ಬಂತು ಎಂಬುದು ಹಾಳೆಯಲ್ಲೇ ಬರೆದಿಟ್ಟ ಹಾಗಿತ್ತು.

ಗುಳ್ಳೆ ಕಾಣುವುದಕ್ಕೆ ಒಂದೆರಡು ದಿನ ಮೊದಲೇ ಇದು ಹರಡಲು ಶುರುವಾಗುತ್ತದೆ. ಎಲ್ಲ ಗುಳ್ಳೆ ಒಣಗಿ ಹೊಪ್ಪಳೆ ಕಟ್ಟುವವರೆಗೂ ಮಗು ಮನೆಯಲ್ಲಿರಬೇಕು. ದಡಾರ ಇನ್ನೂ ಜೋರು: ದದ್ದು ಏಳುವ ನಾಲ್ಕು ದಿನ ಮೊದಲಿನಿಂದ ನಾಲ್ಕು ದಿನ ನಂತರದವರೆಗೆ ಹರಡುತ್ತದೆ. ಅದನ್ನು ತಡೆಯಲು 100ರಲ್ಲಿ 95 ಮಕ್ಕಳಿಗೆ ಎರಡೂ ಡೋಸ್ ಬಿದ್ದಿರಬೇಕು. 9 ತಿಂಗಳಿಗೊಂದು, 16ರಿಂದ 24 ತಿಂಗಳ ನಡುವೆ ಇನ್ನೊಂದು, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಆದರೆ ಶೆಡ್‌ನಿಂದ ಶೆಡ್‌ಗೆ ಸಾಮಾನು ಸಾಗಿಸುವಾಗ ತಾಯಿ ಕಾರ್ಡ್ ಎಲ್ಲೋ ಕಳೆದಿರುತ್ತದೆ. ಯಾವ ಡೋಸ್ ಬಿದ್ದಿದೆ ಎಂದು ಕೇಳಿದರೆ ಅಮ್ಮಂದಿರು ತೋಳು ತೋರಿಸುತ್ತಾರೆ.

2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನಕ್ಕೆ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತ್ತು. ಮೊದಲ ಹಂತದ ಐದು ರಾಜ್ಯ, ಕೇಂದ್ರಾಡಳಿತ ಪ್ರದೇಶಗಳಲ್ಲಿ ಕರ್ನಾಟಕವೂ ಒಂದು. 9 ತಿಂಗಳಿಂದ 15 ವರ್ಷದೊಳಗಿನ ಎಲ್ಲರಿಗೂ ಲಸಿಕೆ ಎಂದಿತ್ತು; ಶಾಲಾ ಮಕ್ಕಳಿಗೆ ಶಾಲೆಯಲ್ಲೇ ಚುಚ್ಚಿದರು. ನಾನೂ ಸಾಲಿನಲ್ಲಿ ನಿಂತಿದ್ದೆ. ವಾಟ್ಸ್‌ಆ್ಯಪ್ ಗಾಳಿಸುದ್ದಿಗೆ ಹೆದರಿ ಆ ದಿನ ಮಕ್ಕಳನ್ನು ಕಳಿಸದ ಮನೆಗಳೂ ನಮ್ಮ ಬೀದಿಯಲ್ಲಿದ್ದವು. ಲಸಿಕೆಗಿಂತ ವೇಗವಾಗಿ ಹರಡಿದ್ದು ಅದೇ.

ಇಷ್ಟೆಲ್ಲ ಗೊತ್ತಿದ್ದರೂ ಜ್ವರದ ಮಗು ಶಾಲೆಗೆ ಬರುವುದೇಕೆ? ಒಬ್ಬ ತಾಯಿ ನೇರವಾಗಿ ಕೇಳಿದರು: 'ವಾರ ಮನೇಲಿ ಕೂತ್ರೆ ಕೂಲಿ ಯಾರು ಕೊಡ್ತಾರಣ್ಣ?' ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನಮ್ಮ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಟೈಲರ್. ನಾಲ್ಕನೇ ಕ್ಲಾಸಿನಲ್ಲಿ ನನಗೆ ಅಮ್ಮ ಆದಾಗ ಅವರು ಆರು ದಿನ ರಜೆ ಹಾಕಿದರು. ಆರು ದಿನದ ಸಂಬಳದ ಜೊತೆಗೆ ಆ ತಿಂಗಳ ಹಾಜರಾತಿ ಬೋನಸ್ಸೂ ಹೋಯಿತು. ಮನೆಯಲ್ಲಿ ಉಳಿದ ಮಗುವಿಗೆ ಬಿಸಿಯೂಟವೂ ಇಲ್ಲ. ಕೋವಿಡ್ ಕಾಲದಲ್ಲಿ ಅಕ್ಷರ ದಾಸೋಹದ ಅಕ್ಕಿ, ಬೇಳೆಯನ್ನು ಮಕ್ಕಳ ಮನೆಗೇ ಕೊಟ್ಟಿದ್ದರು. ಕಾಯಿಲೆ ಬಿದ್ದ ಮಗುವಿಗೆ ಒಂದು ವಾರದ ಮಟ್ಟಿಗೆ ಹಾಗೇ ಕೊಟ್ಟರೆ ಅದು ಹತ್ತು ಪೋಸ್ಟರ್‌ಗಿಂತ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ಅಭಿಪ್ರಾಯ.

ನೀರಿನ ವಿಷಯ ಸುಲಭ. ಶಾಲೆಯ ಸಿಂಟೆಕ್ಸ್‌ಗೆ ಟ್ಯಾಂಕರ್ ನೀರು. ಟ್ಯಾಂಕ್ ತೊಳೆದು, 1000 ಲೀಟರ್‌ಗೆ ಸುಮಾರು ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಕರಗಿಸಿ ಒಂದು ಗಂಟೆ ಬಿಡಬೇಕು. ಆಮೇಲೂ ಲೀಟರ್‌ಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಪರೀಕ್ಷಾ ಕಿಟ್‌ನ ಹನಿ ಹಾಕಿದಾಗ ನೀರು ಹಳದಿ ಆದರೆ ಇದೆ ಎಂದರ್ಥ. ಸೋಪು ಮಾಯವಾಗುತ್ತದೆ ಎಂಬುದು ಎಲ್ಲ ಶಾಲೆಗಳ ಗೋಳು. ಬಿಸಿಯೂಟದ ಅಕ್ಕ ಅದನ್ನು ಈರುಳ್ಳಿಯ ಬಲೆ ಚೀಲದಲ್ಲಿ ಹಾಕಿ ನಲ್ಲಿಗೆ ಕಟ್ಟಿದರು. ನಾವು ಇಂಜಿನಿಯರ್‌ಗಳಿಗೆ ಅದು ಹೊಳೆದಿರಲಿಲ್ಲ ಬಿಡಿ!

ಈಗ ನಮ್ಮ ಹಾಳೆಯಲ್ಲಿ ಒಂದೇ ನಿಯಮ: ಒಂದು ತರಗತಿಯಲ್ಲಿ ಒಂದು ವಾರದಲ್ಲಿ ಮೂವರು ಗೈರಾದರೆ ಆ ಸಾಲು ಕೆಂಪಾಗುತ್ತದೆ, ಹೆಡ್‌ಮಿಸ್ ಆಶಾ ಅಕ್ಕನಿಗೆ ಫೋನ್ ಮಾಡುತ್ತಾರೆ. ಇದುವರೆಗೆ ಎರಡು ಸಲ ಕೆಂಪಾಗಿದೆ. ಮೊದಲನೆಯದು ಜಾತ್ರೆ. ಎರಡನೆಯದು ನಿಜವಾದ ಜ್ವರ, ದಡಾರ ಅಲ್ಲ. ಆದರೆ ವಿಚಾರಿಸಲು ಹೋದ ಆಶಾ ಅಕ್ಕನಿಗೆ ಅದೇ ಶೆಡ್‌ನಲ್ಲಿ ಎರಡನೇ ಡೋಸ್ ಬೀಳದ ಎರಡೂವರೆ ವರ್ಷದ ಮಗು ಸಿಕ್ಕಿತು. ಮುಂದಿನ ಗುರುವಾರ, ಲಸಿಕೆ ದಿನ, ಅದರ ಅಜ್ಜಿಯೇ ಎತ್ತಿಕೊಂಡು ಹೋಗಿ ಹಾಕಿಸಿಕೊಂಡು ಬಂದರು.