ಮರಿ ಮಾರುವ ಮುನ್ನ ಜಂತು ನಿವಾರಣೆ

ಸಾಕುಪ್ರಾಣಿಗಳ ಮಾರಾಟ, ಆಹಾರ ಹಾಗೂ ಆರೈಕೆ ಇಂದು ನಗರಗಳಲ್ಲಿ ಪ್ರತ್ಯೇಕ ವಾಣಿಜ್ಯ ಕ್ಷೇತ್ರವಾಗಿ ಬೆಳೆದಿವೆ. ಬಾಗಲಕೋಟೆ ಜಿಲ್ಲೆಯ ಮುಧೋಳ ಭಾಗದಲ್ಲಿ ದೇಶಿ ಬೇಟೆನಾಯಿಯ ಸಾಕಣೆ ಗ್ರಾಮೀಣ ಕುಟುಂಬಗಳಿಗೆ ಉಪ ಆದಾಯದ ಮೂಲವಾಗಿದೆ. ಈ ವಹಿವಾಟಿನಲ್ಲಿ ಮರಿಯ ತಳಿ, ಬಣ್ಣ, ಮೈಕಟ್ಟುಗಳಿಗೆ ಸಲ್ಲುವ ಗಮನ ಅದರ ಹೊಟ್ಟೆಯೊಳಗಿನ ಜಂತುಗಳಿಗೆ ಸಲ್ಲುವುದಿಲ್ಲ. ಕೊಂಡ ಕೆಲವೇ ದಿನಗಳಲ್ಲಿ ಮರಿ ಸೊರಗಿದರೆ ಕೆಡುವುದು ಮಾರಾಟಗಾರನ ಹೆಸರು. ಅದಕ್ಕಿಂತ ಮಿಗಿಲಾಗಿ, ಗ್ರಾಹಕನ ಮನೆಯ ಮಕ್ಕಳ ಆರೋಗ್ಯಕ್ಕೂ ಅಪಾಯವುಂಟು.

ನಾಯಿ ತಳಿ ಸಂವರ್ಧನೆ ಹಾಗೂ ಮಾರಾಟದ ಬಗ್ಗೆ ಕೇಂದ್ರ ಸರ್ಕಾರವು 2017ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಆಹಾರದ ವಿವರ, ಲಸಿಕೆ ಹಾಕಿದ ಹಾಗೂ ಜಂತುನಾಶಕ ನೀಡಿದ ದಿನಾಂಕಗಳು ಮತ್ತು ಅದುವರೆಗೆ ನೋಡಿಕೊಂಡ ಪಶುವೈದ್ಯರ ಹೆಸರನ್ನು ಕೊಳ್ಳುವವರಿಗೆ ತಿಳಿಸುವುದು ಸಂವರ್ಧಕನ ಹೊಣೆ. ಲಸಿಕೆಯ ದಿನಾಂಕವನ್ನು ಎಲ್ಲರೂ ಕೇಳುತ್ತಾರೆ. ಜಂತುನಾಶಕದ ದಿನಾಂಕವನ್ನು ಕೇಳುವವರು ವಿರಳ.

ತಾಯಿಯಿಂದಲೇ ಬರುವ ಹುಳು

ಮರಿಗಳಲ್ಲಿ ಅತಿ ಸಾಮಾನ್ಯವಾದುದು ದುಂಡುಹುಳು. ತಾಯಿನಾಯಿಯ ಮಾಂಸಖಂಡಗಳಲ್ಲಿ ಸುಪ್ತವಾಗಿರುವ ಇದರ ಮರಿಹುಳುಗಳು ಗರ್ಭಾವಸ್ಥೆಯ ಕೊನೆಯ ವಾರಗಳಲ್ಲಿ ಎಚ್ಚೆತ್ತು ಗರ್ಭದಲ್ಲಿರುವ ಮರಿಗಳನ್ನು ಸೇರುತ್ತವೆ. ಹಾಲಿನ ಮೂಲಕವೂ ಬರುತ್ತವೆ. ಆದ್ದರಿಂದ ಹೊರಗೆ ಕಾಲಿಡದ ಮರಿಯಲ್ಲಿಯೂ ಜಂತು ಇರುವುದು ಸಹಜ. ಉಬ್ಬಿದ ಹೊಟ್ಟೆ, ಕಾಂತಿಗೆಟ್ಟ ಕೂದಲು, ವಾಂತಿ, ಕುಂಠಿತ ಬೆಳವಣಿಗೆ ಇದರ ಲಕ್ಷಣಗಳು. ಹೊಟ್ಟೆ ದುಂಡಗಿರುವುದನ್ನು ಪುಷ್ಟಿಯೆಂದು ಭಾವಿಸಿ ಮೋಸಹೋಗುವುದುಂಟು.

ಕೊಕ್ಕೆಹುಳು ಕರುಳಿನ ಗೋಡೆಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಇದು ತಾಯಿಯ ಹಾಲಿನಿಂದಲೂ, ತೇವದ ಮಣ್ಣಿನಿಂದ ಚರ್ಮದ ಮೂಲಕವೂ ಬರಬಲ್ಲುದು. ಬಿಳಚಿದ ಒಸಡು ಹಾಗೂ ಕಪ್ಪಾದ ಮಲ ಇದರ ಸೂಚನೆಗಳು. ತೀವ್ರ ರಕ್ತಹೀನತೆಯಿಂದ ಎಳೆಯ ಮರಿಗಳು ಸಾಯುವುದೂ ಉಂಟು. ಲಾಡಿಹುಳುವಿನ ಒಂದು ಬಗೆ ಚಿಗಟಗಳಿಂದ ಹರಡುತ್ತದೆ. ಅಕ್ಕಿಕಾಳಿನಂತಹ ತುಣುಕುಗಳು ಗುದದ್ವಾರದ ಸುತ್ತ ಕಾಣಸಿಗುತ್ತವೆ. ಕುರಿ, ಮೇಕೆಗಳ ಹಸಿ ಒಳಾಂಗಗಳನ್ನು ತಿನ್ನುವ ನಾಯಿಗೆ ಇನ್ನೊಂದು ಬಗೆಯ ಲಾಡಿಹುಳು ತಗಲುತ್ತದೆ. ಇದರ ಮೊಟ್ಟೆಗಳು ಮನುಷ್ಯನ ದೇಹ ಸೇರಿದರೆ ಯಕೃತ್ತು, ಶ್ವಾಸಕೋಶಗಳಲ್ಲಿ ನೀರುಗುಳ್ಳೆಗಳು ಬೆಳೆಯುತ್ತವೆ.

ಔಷಧದ ವೇಳಾಪಟ್ಟಿ

ನಾಯಿಮರಿಗೆ 2, 4, 6 ಮತ್ತು 8ನೇ ವಾರಗಳಲ್ಲಿ, ಬಳಿಕ 6 ತಿಂಗಳವರೆಗೆ ತಿಂಗಳಿಗೊಮ್ಮೆ, ಆನಂತರ ಸಾಮಾನ್ಯವಾಗಿ 3 ತಿಂಗಳಿಗೊಮ್ಮೆ ಜಂತುನಾಶಕ ನೀಡುವುದು ರೂಢಿಯ ಕ್ರಮ. ಬೆಕ್ಕಿನ ಮರಿಗೆ 3ನೇ ವಾರದಿಂದ ಆರಂಭಿಸಬಹುದು. ಹಾಲುಣಿಸುವ ತಾಯಿಗೂ ಮರಿಗಳೊಡನೆಯೇ ಔಷಧ ನೀಡಬೇಕು. ಅಂದರೆ, 8 ವಾರ ತುಂಬಿದ ಮರಿಯ ಕಾರ್ಡಿನಲ್ಲಿ ನಾಲ್ಕು ದಿನಾಂಕಗಳಿರಬೇಕು. ಒಂದೇ ದಿನಾಂಕವಿದ್ದರೆ ಕಾರಣ ಕೇಳುವುದು ಗ್ರಾಹಕನ ಹಕ್ಕು.

ಎಲ್ಲ ಹುಳುಗಳಿಗೂ ಒಂದೇ ಮದ್ದು ಸಾಲದು. ಪೈರಾಂಟೆಲ್ ದುಂಡುಹುಳು, ಕೊಕ್ಕೆಹುಳುಗಳಿಗೆ ಪರಿಣಾಮಕಾರಿ. ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್ ಬೇಕು. ಚಿಗಟಗಳನ್ನು ನಿವಾರಿಸದಿದ್ದರೆ ಲಾಡಿಹುಳು ಮರುಕಳಿಸುತ್ತದೆ. ಔಷಧದ ಪ್ರಮಾಣವು ಮರಿಯ ತೂಕವನ್ನು ಅವಲಂಬಿಸಿರುವುದರಿಂದ ಪಶುವೈದ್ಯರ ಸಲಹೆ ಅನಿವಾರ್ಯ. ಮಲಪರೀಕ್ಷೆಯೂ ಉಪಯುಕ್ತವೇ, ಆದರೆ ಬಲಿಯದ ಹುಳುಗಳು ಮೊಟ್ಟೆಯಿಡದ ಕಾರಣ, ಮೊಟ್ಟೆ ಕಾಣದ ಮಾತ್ರಕ್ಕೆ ಮರಿ ಜಂತುಮುಕ್ತವೆಂದು ಹೇಳಲಾಗದು.

ಆವರಣದ ಶುಚಿತ್ವ

ಔಷಧ ಕೆಲಸದ ಅರ್ಧಭಾಗ ಮಾತ್ರ. ಒಂದು ಹೆಣ್ಣು ದುಂಡುಹುಳು ದಿನಕ್ಕೆ ಲಕ್ಷದಷ್ಟು ಮೊಟ್ಟೆಗಳನ್ನಿಡಬಲ್ಲುದು. ಅವು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಸಾಮಾನ್ಯ ಕ್ರಿಮಿನಾಶಕ ದ್ರಾವಣಗಳಿಗೆ ಜಗ್ಗುವುದಿಲ್ಲ. ಆದರೆ ಮಲದೊಡನೆ ಹೊರಬಿದ್ದ ಮೊಟ್ಟೆ ಸೋಂಕು ತಗುಲಿಸುವಷ್ಟು ಬಲಿಯಲು ಸಾಮಾನ್ಯವಾಗಿ ಎರಡು ವಾರಗಳಾದರೂ ಬೇಕು. ದಿನವೂ ಮಲವನ್ನು ತೆಗೆದು ವಿಲೇವಾರಿ ಮಾಡಿದರೆ ಈ ಸರಪಳಿ ಅಲ್ಲಿಯೇ ತುಂಡಾಗುತ್ತದೆ. ನಾಯಿಮನೆಗೆ ಮಣ್ಣಿನ ನೆಲಕ್ಕಿಂತ ಸಿಮೆಂಟಿನ ನೆಲ ಲೇಸು. ಅದನ್ನು ಕುದಿಯುವ ನೀರಿನಿಂದ ತೊಳೆದು ಒಣಗಲು ಬಿಡಬೇಕು.

ಕಾವಲು ನಾಯಿಗಳನ್ನು ಸಾಕಿರುವ ಗೋದಾಮು, ಕಾರ್ಖಾನೆಗಳಿಗೂ ಈ ಮಾತು ಅನ್ವಯಿಸುತ್ತದೆ. ಆವರಣದ ಮರಳಿನಲ್ಲಿ ಆಡಿ ಕೈ ತೊಳೆಯದೆ ಉಣ್ಣುವ ಕಾರ್ಮಿಕರ ಮಕ್ಕಳ ಹೊಟ್ಟೆಗೆ ದುಂಡುಹುಳುವಿನ ಮೊಟ್ಟೆ ಸೇರಿದರೆ, ಮರಿಹುಳುಗಳು ಯಕೃತ್ತು, ಶ್ವಾಸಕೋಶಗಳಿಗೆ ಸಂಚರಿಸುತ್ತವೆ. ಕಣ್ಣನ್ನು ಸೇರಿದರೆ ದೃಷ್ಟಿಗೇ ಧಕ್ಕೆ ತರಬಲ್ಲವು. ಬರಿಗಾಲಿನಲ್ಲಿ ಓಡಾಡುವವರ ಚರ್ಮವನ್ನು ಕೊಕ್ಕೆಹುಳುವಿನ ಮರಿಗಳು ಹೊಕ್ಕು ತುರಿಕೆಯ ಗೆರೆಗಳನ್ನು ಮೂಡಿಸುತ್ತವೆ. ಪಾದರಕ್ಷೆ ಹಾಗೂ ಸೋಪಿನಿಂದ ಕೈ ತೊಳೆಯುವ ಅಭ್ಯಾಸ ಇದಕ್ಕೆ ಸರಳ ಪರಿಹಾರ.

ಸಾಕುಪ್ರಾಣಿ ವಹಿವಾಟಿನಲ್ಲಿ ತೊಡಗಿರುವ ವರ್ತಕ ಬಾಂಧವರು ಪ್ರತಿ ಮರಿಯೊಡನೆ ಔಷಧದ ಹೆಸರು, ಮರಿಯ ತೂಕ, ನೀಡಿದ ದಿನಾಂಕ ಹಾಗೂ ಮುಂದಿನ ದಿನಾಂಕವನ್ನು ಬರೆದ ಕಾರ್ಡನ್ನು ತಪ್ಪದೆ ಕೊಡುವುದು ಒಳಿತು. ಇದಕ್ಕೆ ತಗಲುವ ವೆಚ್ಚ ಅಲ್ಪ. ಆ ಕಾರ್ಡು ಗ್ರಾಹಕನ ಮನೆಗೆ ರಕ್ಷಣೆ. ಮಾರಾಟಗಾರನ ಪ್ರಾಮಾಣಿಕತೆಗೆ ಸಾಕ್ಷಿ.