ಗಲ್ಲಾಪೆಟ್ಟಿಗೆ ಮುಂದೆ ಕ್ಯಾಮೆರಾ

ವಯಸ್ಸಾದ ಅಂಗಡಿಯವರ ಫೋಟೊ ಎಂದ ಕೂಡಲೇ ಸ್ಪರ್ಧೆಗೆ ಚಿತ್ರ ಕಳಿಸುವ ಹುಡುಗರು ಮುಖದ ಸುಕ್ಕು ಹುಡುಕುತ್ತಾರೆ. ಕಪ್ಪು ಬಿಳುಪು, ಕಾಂಟ್ರಾಸ್ಟ್ ಜಾಸ್ತಿ, ಹಿನ್ನೆಲೆ ಪೂರ್ತಿ ಮಸುಕು. ಬಹುಮಾನವೂ ಬರುತ್ತದೆ ಅನ್ನಿ. ಆದರೆ ಅದರಲ್ಲಿರುವ ಅಜ್ಜ ಅಂಗಡಿ ಇಟ್ಟವರೋ, ಬಸ್ಸಿಗೆ ಕಾದು ಕೂತವರೋ ನೋಡಿದವರಿಗೆ ಗೊತ್ತಾಗುವುದಿಲ್ಲ.

ಭದ್ರಾವತಿಯಂಥ ಊರಲ್ಲಿ ಇದು ಸಣ್ಣ ನಷ್ಟವಲ್ಲ. ಬೆಂಕಿಪುರ ಎಂಬ ಹಳೆಯ ಹೆಸರಿನ ಈ ಊರಲ್ಲಿ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಶುರು ಮಾಡಿತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಕಾರ್ಮಿಕರ ಬಡಾವಣೆಗಳ ದಿನಸಿ ಅಂಗಡಿಗಳು ನಡೆದದ್ದು ಶಿಫ್ಟಿನ ಲೆಕ್ಕದಲ್ಲಿ. ತಿಂಗಳಿಡೀ ಉದ್ರಿ, ಬಟವಾಡೆಯ ದಿನ ಚುಕ್ತಾ. ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಆ ಕಬ್ಬಿಣದ ಕಾರ್ಖಾನೆ, ಅಂದರೆ ಈಗಿನ ವಿಐಎಸ್‌ಎಲ್, ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಇಂಥ ಸುದ್ದಿ ಪತ್ರಿಕೆಗಿಂತ ಮೊದಲು ಉದ್ರಿ ಪುಸ್ತಕಕ್ಕೆ ತಿಳಿಯುತ್ತದೆ. ಹಾಗಾಗಿ ಆ ಪುಸ್ತಕ ಚಿತ್ರದಲ್ಲಿ ಇರಬೇಕು. ಆದರೆ ಮುಚ್ಚಿಯೇ ಇರಲಿ. ಒಳಗೆ ಊರವರ ಹೆಸರು, ಬಾಕಿ ಎಲ್ಲ ಇರುತ್ತವೆ.

ಸಾಮಾನ್ಯರನ್ನು ಅವರವರ ಜಾಗದಲ್ಲೇ ತೆಗೆಯುವುದಕ್ಕೆ ನಮ್ಮಲ್ಲಿ ದೊಡ್ಡ ಪರಂಪರೆಯೇ ಇದೆ. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಬದುಕಿಡೀ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ. 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದ ಸಂದರ್ಭದಲ್ಲಿ, ಅವರು ತೆಗೆದ ಮಕ್ಕಳ ಚಿತ್ರಗಳು ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡವು. ಜರ್ಮನಿಯ ಆಗಸ್ಟ್ ಸ್ಯಾಂಡರ್ 1928ರಲ್ಲಿ ಒಬ್ಬ ಮಿಠಾಯಿ ತಯಾರಕನನ್ನು ಅವನ ಅಡುಗೆಮನೆಯಲ್ಲೇ, ಕೈಯಲ್ಲಿ ದೊಡ್ಡ ಪಾತ್ರೆಯೊಂದಿಗೆ ನಿಲ್ಲಿಸಿ ತೆಗೆದ. ಆ ಪಾತ್ರೆ ತೆಗೆದುಬಿಟ್ಟರೆ ಚಿತ್ರದಲ್ಲಿ ಉಳಿಯುವುದು ಒಬ್ಬ ದಪ್ಪ ಮನುಷ್ಯ, ಅಷ್ಟೇ.

ಇನ್ನು ಬೆಳಕು. ಶಿವಮೊಗ್ಗದಿಂದ ಸಾಗರದ ಕಡೆ ಹೊರಟರೆ ಕುಂಸಿ ಸಿಗುತ್ತದೆ. ಅಲ್ಲಿಯೂ ಭದ್ರಾವತಿಯಲ್ಲೂ ರಸ್ತೆಗೆ ಮುಖ ಮಾಡಿದ ಹಳೆಯ ಅಂಗಡಿಗಳಲ್ಲಿ ತೊಂದರೆ ಒಂದೇ: ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಕತ್ತಲು. ಒಳಗೆ ನಿಂತು ರಸ್ತೆಯ ಕಡೆ ಕ್ಯಾಮೆರಾ ಹಿಡಿದರೆ ಅಜ್ಜ ಬರೀ ನೆರಳಾಗುತ್ತಾರೆ. ರಸ್ತೆಗೆ ಬೆನ್ನು ಹಾಕಿ ನಿಲ್ಲಿ, ಅಳತೆಯನ್ನು ಮುಖದ ಮೇಲೆ ತೆಗೆದುಕೊಳ್ಳಿ, ಬಿಳಿ ಅಂಗಿ ಸುಟ್ಟುಹೋಗದಂತೆ ಎಕ್ಸ್‌ಪೋಷರ್ ಸ್ವಲ್ಪ ಇಳಿಸಿ. ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಒಂದು ಕೆನ್ನೆ ಹಸಿರು, ಇನ್ನೊಂದು ನೀಲಿ. ಎರಡು ನಿಮಿಷ ಆರಿಸಲು ಕೇಳಿದರೆ ಯಾರೂ ಬೇಡ ಅನ್ನುವುದಿಲ್ಲ. ನನ್ನ ಕೇಳಿದರೆ ಆಷಾಢವೇ ಒಳ್ಳೆಯ ಕಾಲ. ಮೋಡದ ಬೆಳಕು ಗಲ್ಲಾಪೆಟ್ಟಿಗೆ ದಾಟಿ ಗಾಜಿನ ಭರಣಿಗಳ ತನಕ ಮೆತ್ತಗೆ ಹೋಗುತ್ತದೆ. ಮಳೆಗೆ ಗಿರಾಕಿಗಳೂ ಕಡಿಮೆ, ಮಾತಿಗೆ ಪುರುಸೊತ್ತು.

ಮಾತಿಲ್ಲದೆ ಫೋಟೊ ತೆಗೆಯಬಾರದು. ಮೊದಲು ಏನಾದರೂ ಕೊಳ್ಳಿ, ಒಂದು ಬೆಂಕಿಪೊಟ್ಟಣವಾದರೂ ಸರಿ. ‘ಯಜಮಾನ್ರೇ, ಒಂದ್ ಫೋಟೊ ತಗೊಳ್ಲಾ?’ ಅಂದರೆ ‘ನಂದ್ಯಾಕಪ್ಪಾ ಈ ವಯಸ್ಸಲ್ಲಿ’ ಎನ್ನುತ್ತಲೇ ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳುತ್ತಾರೆ. ಎದ್ದು ನಿಂತು, ಕೈ ನೇರ ಇಳಿಬಿಟ್ಟು, ನಗು ನಿಲ್ಲಿಸುತ್ತಾರೆ. ಆ ತಲೆಮಾರಿಗೆ ಫೋಟೊ ಎಂದರೆ ಸ್ಟುಡಿಯೊ. ಸಹಜವಾಗಿರಿ ಎಂದು ಪೀಡಿಸಬೇಡಿ. ಆ ಬಿಗಿಯಾದ ಚಿತ್ರವನ್ನೇ ಮೊದಲು ತೆಗೆಯಿರಿ, ಅದು ಅವರದು. ಪ್ರಿಂಟ್ ಹಾಕಿಸಿ ತಂದುಕೊಡಬೇಕಾದದ್ದೂ ಅದನ್ನೇ. ಅಷ್ಟರಲ್ಲಿ ಯಾರೋ ಹುಡುಗಿ ಬಂದು ಕಾಲು ಕೆಜಿ ಸಕ್ಕರೆ ಕೇಳುತ್ತಾಳೆ. ಅಜ್ಜ ಕ್ಯಾಮೆರಾ ಮರೆತು ತಕ್ಕಡಿಗೆ ಕೈ ಹಾಕುತ್ತಾರೆ; ಪೊಟ್ಟಣ ಸುತ್ತಿ ದಾರ ಎಳೆಯುವಾಗ ಕಿರುಬೆರಳು ಮಾತ್ರ ಮೇಲೆದ್ದಿರುತ್ತದೆ. ನಿಮ್ಮ ಚಿತ್ರ ಅದು.

ಲೆನ್ಸಿನ ಬಾಯಿ ಪೂರ್ತಿ ತೆರೆದು ಹಿನ್ನೆಲೆ ಕರಗಿಸುವ ಚಪಲ ಬೇಡ. ಎಫ್ 5.6, ಬೆಳಕಿದ್ದರೆ ಎಫ್ 8 ಇರಲಿ. ಜೋತುಬಿದ್ದ ಶಾಂಪೂ ಸ್ಯಾಷೆ, ಬೀಡಿ ಕಟ್ಟು, ದೇವರ ಕ್ಯಾಲೆಂಡರ್, ಅದರ ಪಕ್ಕದಲ್ಲೇ ಅಂಟಿಸಿದ ಕ್ಯೂಆರ್ ಕೋಡ್ ಎಲ್ಲ ಸ್ಪಷ್ಟವಾಗಿ ಬರಲಿ, ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ತೊಗರಿಬೇಳೆಯ ರೇಟೂ ಸೇರಿದಂತೆ.