ಹೊಗೆ ಬಾಡಿಗೆ ಏನೇನು ಬೇಕು? ಮೊದಲು ಥರ್ಮಾಮೀಟರ್ ಕೊಳ್ಳಿ!

ಧರ್ಮಪುರಿ: ನಮ್ಮ ಕಡೆಯ ಸಂತೆಯಲ್ಲಿ ನಿಂತು ತಮಿಳಿನಲ್ಲಿ 'ಒಂದು ಕಿಲೋ ಕರಿ' ಎಂದು ಕೇಳಿ ನೋಡಿ. ಇದ್ದಿಲಿನವನೂ ತಿರುಗಿ ನೋಡುತ್ತಾನೆ, ಬಾಡಿನ ಅಂಗಡಿಯವನೂ ತಿರುಗಿ ನೋಡುತ್ತಾನೆ. ತಮಿಳು ಬರವಣಿಗೆಯಲ್ಲಿ ಎರಡಕ್ಕೂ ರಕಾರ ಬೇರೆ, ಕಿವಿಗೆ ಮಾತ್ರ ಎರಡೂ ಒಂದೇ. ಈ ಎರಡು 'ಕರಿ'ಗಳನ್ನು ಒಂದೇ ಮುಚ್ಚಳದ ಕೆಳಗೆ ಸೇರಿಸುವ ಸಾಧನವೇ ಕೆಟಲ್ ಗ್ರಿಲ್.

ಬೆಂಗಳೂರಿನಲ್ಲೋ ಕೊಲ್ಲಿ ದೇಶದಲ್ಲೋ ದುಡಿಯುವ ಮಕ್ಕಳು ರಜಕ್ಕೆ ಬರುವಾಗ ಇಂಥದ್ದೊಂದನ್ನು ಹೊತ್ತು ತಂದಿರುತ್ತಾರೆ. ಮೂರು ಕಾಲಿನ ಮೇಲೆ ಕೂತ ಗುಂಡು ಬಾಣಲೆ, ಅದರ ಮೇಲೆ ಗುಂಡು ಮುಚ್ಚಳ. ಅಮೆರಿಕದ ಷಿಕಾಗೋ ಬಳಿ 1952ರಲ್ಲಿ ಜಾರ್ಜ್ ಸ್ಟೀಫನ್ ಎಂಬಾತ, ತಾನು ಕೆಲಸ ಮಾಡುತ್ತಿದ್ದ ವೆಬರ್ ಕಾರ್ಖಾನೆಯಲ್ಲಿ ನೀರಿನ ಮೇಲೆ ತೇಲಿಬಿಡಲು ಮಾಡುತ್ತಿದ್ದ ಲೋಹದ ಗುಂಡನ್ನು ಎರಡು ಹೋಳು ಮಾಡಿ ಇದನ್ನು ರೂಪಿಸಿದ. ಸುಡುವುದಕ್ಕೆ ಇದಿಷ್ಟೇ ಸಾಕು. ಆದರೆ ನಿಧಾನವಾಗಿ ಹೊಗೆಯಲ್ಲಿ ಬೇಯಿಸಬೇಕೆಂದರೆ ಒಂದಿಷ್ಟು ಪರಿಕರಗಳು ಬೇಕು. ಯಾವುದನ್ನು ಕೊಳ್ಳಬೇಕು, ಯಾವುದನ್ನು ಊರಲ್ಲೇ ಹೊಂದಿಸಿಕೊಳ್ಳಬಹುದು? ಬನ್ನಿ, ನೋಡೋಣ.

ಉಪ್ಪುಕಂಡ ಬೇರೆ, ಇದು ಬೇರೆ

ಹೊಗೆ ನಮಗೆ ಹೊಸದಲ್ಲ. ಕೊಡಗಿನಲ್ಲಿ ಹಂದಿ ಮಾಂಸವನ್ನು ಒಲೆಯ ಮೇಲೆ ಕಟ್ಟಿ ಹೊಗೆಗೆ ಒಣಗಿಸುವುದು ಹಳೆಯ ಪದ್ಧತಿ. ನಮ್ಮ ಕಡೆ ಉಪ್ಪು, ಅರಿಶಿನ ಹಚ್ಚಿ ಬಿಸಿಲಿಗೆ ತೂಗುಹಾಕುವ ಉಪ್ಪುಕಂಡ ಎಲ್ಲರಿಗೂ ಗೊತ್ತು. ಅವೆರಡರಲ್ಲೂ ಮಾಂಸ ಕೆಡದಿರಲು ಕಾರಣ ಉಪ್ಪು ಮತ್ತು ಒಣಗುವಿಕೆ. ಕೆಟಲ್ ಗ್ರಿಲ್‌ನಲ್ಲಿ ಹಾಗಲ್ಲ. ಇಲ್ಲಿ ಮಾಂಸ 107ರಿಂದ 121 ಡಿಗ್ರಿ ಸೆಲ್ಷಿಯಸ್ ಶಾಖದಲ್ಲಿ ಗಂಟೆಗಟ್ಟಲೆ ಬೇಯುತ್ತದೆ, ಒಳಗೆ ತೇವ ಉಳಿದಿರುತ್ತದೆ. ಹೊಗೆ ರುಚಿ ಕೊಡುತ್ತದೆಯೇ ಹೊರತು ಕಾಪಾಡುವುದಿಲ್ಲ. 'ಹೊಗೆ ಹಾಕಿದ್ದೇವಲ್ಲ' ಎಂದು ರಾತ್ರಿಯಿಡೀ ಹೊರಗಿಟ್ಟು ಬೆಳಿಗ್ಗೆ ತಿಂದರೆ ಹೊಟ್ಟೆ ಕೆಡುವುದು ಖಂಡಿತ ಎಂದೇ ತಿಳಿಯಿರಿ. ಬೆಂದ ಮೇಲೆ ಎರಡು ಗಂಟೆಯೊಳಗೆ ತಿನ್ನಿ, ಇಲ್ಲವೇ ಫ್ರಿಜ್‌ನಲ್ಲಿಟ್ಟು ಮೂರು ನಾಲ್ಕು ದಿನದೊಳಗೆ ಮುಗಿಸಿ.

ಮೊದಲ ಖರ್ಚು ಇದಕ್ಕೆ

ಆದ್ದರಿಂದಲೇ ಮೊದಲು ಕೊಳ್ಳಬೇಕಾದ್ದು ಮಾಂಸಕ್ಕೆ ಚುಚ್ಚುವ ಡಿಜಿಟಲ್ ಥರ್ಮಾಮೀಟರ್. ಸಾಧಾರಣವಾದದ್ದು ಒಂದು ಕಿಲೋ ಮಟನ್ನಿನ ದುಡ್ಡಿನೊಳಗೇ ಸಿಗುತ್ತದೆ. ಹೊಗೆ ತಗುಲಿದ ಕೋಳಿ ಹೊರಗೆ ಕೆಂಪಗೆ, ಬೆಂದಂತೆಯೇ ಕಾಣುತ್ತದೆ. ಮೂಳೆಯ ಹತ್ತಿರ ಹಸಿಯಾಗಿರಬಹುದು. ಹಾಗೆಯೇ ಚೆನ್ನಾಗಿ ಬೆಂದ ಮೇಲೂ ಹೊಗೆಯಿಂದಾಗಿ ಒಳಗೆ ಗುಲಾಬಿ ಬಣ್ಣ ಉಳಿಯುವುದುಂಟು. ಕಣ್ಣನ್ನು ನಂಬಿ ಪ್ರಯೋಜನವಿಲ್ಲ. ಕೋಳಿಯ ತೊಡೆಯ ದಪ್ಪ ಭಾಗದಲ್ಲಿ, ಮೂಳೆಗೆ ತಾಗದಂತೆ ಚುಚ್ಚಿದಾಗ 74 ಡಿಗ್ರಿ ತೋರಿಸಬೇಕು. ಮೀನಿಗೆ 63 ಸಾಕು. ಹಂದಿಯ ಭುಜದ ಮಾಂಸ ಬೆರಳಿಗೆ ಬಿಡಿಸಿ ಬರುವಷ್ಟು ಮೆತ್ತಗಾಗಲು 90 ದಾಟಬೇಕು.

ಕೊಂಡದ್ದು ಸರಿಯಿದೆಯೇ ಎಂದು ತಿಳಿಯುವುದು ಸುಲಭ. ಕುದಿಯುವ ನೀರಿನಲ್ಲಿ ಅದ್ದಿ. ಆದರೆ 100 ಬರಲಿಲ್ಲವೆಂದು ಅಂಗಡಿಯವನ ಜೊತೆ ಜಗಳಕ್ಕೆ ಹೋಗಬೇಡಿ. ಎತ್ತರ ಹೆಚ್ಚಿದಂತೆ ನೀರು ಕಡಿಮೆ ಶಾಖಕ್ಕೇ ಕುದಿಯುತ್ತದೆ. ಧರ್ಮಪುರಿ ಪಟ್ಟಣದಲ್ಲಿ 98ಕ್ಕೂ 99ಕ್ಕೂ ನಡುವೆ, ಯೇರ್ಕಾಡು ಬೆಟ್ಟದ ಮೇಲೆ 95ರ ಆಸುಪಾಸು ತೋರಿಸಿದರೆ ಸರಿಯಾಗಿಯೇ ಇದೆ.

ಗ್ರಿಲ್‌ನ ಮುಚ್ಚಳದಲ್ಲೇ ಒಂದು ಗಡಿಯಾರದಂಥ ಮಾಪಕ ಇರುತ್ತದಲ್ಲ ಎನ್ನುತ್ತೀರಾ? ಅದು ತಿಳಿಸುವುದು ಮುಚ್ಚಳದಡಿಯ ಶಾಖ. ಮಾಂಸ ಕೂತಿರುವ ಜಾಲರಿಯ ಮಟ್ಟದಲ್ಲಿ ಲೆಕ್ಕವೇ ಬೇರೆ. ಕೈಯಲ್ಲಿ ಇನ್ನಷ್ಟು ದುಡ್ಡಿದ್ದರೆ ಎರಡು ತಂತಿಯ ಥರ್ಮಾಮೀಟರ್ ಕೊಳ್ಳಿ. ಒಂದು ತಂತಿ ಜಾಲರಿಗೆ, ಇನ್ನೊಂದು ಮಾಂಸಕ್ಕೆ.

ಬೆಂಕಿ ಒಂದು ಕಡೆ, ಬಾಡು ಇನ್ನೊಂದು ಕಡೆ

ಹೊಗೆ ಅಡುಗೆಯ ಗುಟ್ಟು ಇಷ್ಟೇ. ಇದ್ದಿಲು ಒಂದು ಬದಿಗೆ, ಮಾಂಸ ಎದುರು ಬದಿಗೆ. ಇದಕ್ಕೆಂದೇ ಉಕ್ಕಿನ ಇದ್ದಿಲು ಬುಟ್ಟಿಗಳನ್ನು ಮಾರುತ್ತಾರೆ. ಚೆನ್ನಾಗಿವೆ, ಆದರೆ ಚೆನ್ನಾಗಿ ಒಣಗಿದ ಎರಡು ಸುಟ್ಟ ಇಟ್ಟಿಗೆ ಅಡ್ಡ ಇಟ್ಟರೂ ಅದೇ ಕೆಲಸ ನಡೆಯುತ್ತದೆ. ಕಾವೇರಿ ಹೊಳೆಯ ನುಣ್ಣನೆ ಕಲ್ಲು ಮಾತ್ರ ಬೇಡವೇ ಬೇಡ. ಒಳಗೆ ಸೇರಿಕೊಂಡ ನೀರು ಆವಿಯಾಗಿ ಕಲ್ಲು ಸಿಡಿಯಬಹುದು.

ಮಾಂಸದ ಕೆಳಗೆ ಒಂದು ಅಗಲ ತಟ್ಟೆ ಇಟ್ಟು ಬಿಸಿನೀರು ಹಾಕಿ. ತೊಟ್ಟಿಕ್ಕುವ ಕೊಬ್ಬು ಅದರಲ್ಲಿ ಬೀಳುತ್ತದೆ. ನೀರು ಶಾಖವನ್ನು ಹೀರಿಕೊಂಡು ಏರಿಳಿತ ತಗ್ಗಿಸುತ್ತದೆ. ಇದಕ್ಕೆ ವಿಶೇಷ ಪಾತ್ರೆ ಏಕೆ? ಸ್ಟೇನ್‌ಲೆಸ್ ಉಕ್ಕಿಗೆ ಹೆಸರಾದ ಸೇಲಂ ನಮ್ಮ ಪಕ್ಕದಲ್ಲೇ ಇದೆ. ಮನೆಯಲ್ಲಿ ಮೂಲೆ ಸೇರಿದ ಹಳೆಯ 'ಎವರ್‌ಸಿಲ್ವರ್' ತಟ್ಟೆ ಸಾಕು.

ಇದ್ದಿಲು ಹೊತ್ತಿಸಲು ಸೀಮೆಎಣ್ಣೆ ಸುರಿಯಬೇಡಿ, ಅದರ ವಾಸನೆ ಬಾಡಿಗೆ ಹತ್ತುತ್ತದೆ. ತಳದಲ್ಲಿ ಜಾಲರಿ ಇರುವ ಒಂದು ಉಕ್ಕಿನ ಕೊಳವೆ ಬೇಕು. ಕೆಳಗೆ ಕಾಗದ ಹಚ್ಚಿದರೆ ಕಾಲು ಗಂಟೆ, ಇಪ್ಪತ್ತು ನಿಮಿಷದಲ್ಲಿ ಕೆಂಡ ಸಿದ್ಧ. ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದು. ಒಂದೇ ಎಚ್ಚರಿಕೆ: ಬರೀ ಕಬ್ಬಿಣದ ತಗಡು ಇರಲಿ. ಸತುವಿನ ಲೇಪದ ತಗಡು, ಬಣ್ಣದ ಡಬ್ಬ, ರಾಸಾಯನಿಕ ತುಂಬಿದ್ದ ಡ್ರಮ್ ಯಾವುದೂ ಬೇಡ. ಕೆಂಡದ ಶಾಖಕ್ಕೆ ಅವುಗಳಿಂದ ವಿಷದ ಹೊಗೆ ಏಳಬಹುದು.

ಯಾವ ಇದ್ದಿಲು, ಯಾವ ಕಟ್ಟಿಗೆ?

ತಮಿಳುನಾಡಿನಲ್ಲಿ ಸುಲಭವಾಗಿ ಸಿಗುವುದು ಸೀಮೈ ಕರುವೇಲಂ, ಅಂದರೆ ನಮ್ಮ ಬಳ್ಳಾರಿ ಜಾಲಿಯ ಇದ್ದಿಲು. ರಾಮನಾಥಪುರದ ಕಡೆ ಇದನ್ನು ಸುಡುವುದೇ ಒಂದು ಕಸುಬು. ಶಾಖ ಜೋರು, ಆದರೆ ತುಂಡುಗಳು ಒಂದೇ ಅಳತೆಯಲ್ಲಿರುವುದಿಲ್ಲ. ಬಹಳ ಹೊತ್ತು ಒಂದೇ ಸಮ ಉರಿಯಬೇಕೆಂದರೆ ತೆಂಗಿನ ಚಿಪ್ಪಿನ ಇದ್ದಿಲು ಬಿಲ್ಲೆ ಅನುಕೂಲ.

ಹೊಗೆಗೆ ಬೇಕಾದ್ದು ಮುಷ್ಟಿ ಗಾತ್ರದ ಎರಡು ಮೂರು ಒಣ ಕಟ್ಟಿಗೆ ತುಂಡು ಮಾತ್ರ. ಸೀಬೆ, ಹುಣಸೆ ಚೆನ್ನ. ಕಣಗಿಲೆ ವಿಷ, ಅದನ್ನು ಮುಟ್ಟಲೇಬೇಡಿ. ಪ್ಲೈವುಡ್, ಬಣ್ಣ ಬಳಿದ ಬಾಗಿಲ ಚೂರು ಕೂಡ ಬೇಡ. ಕಟ್ಟಿಗೆಯನ್ನು ನೆನೆಸಿ ಹಾಕಿ ಎಂದು ಕೆಲವರು ಹೇಳುತ್ತಾರೆ. ನೆನೆದ ತುಂಡಿನಿಂದ ಮೊದಲು ಏಳುವುದು ಹೊಗೇನಕ್ಕಲ್‌ನ ಹೊಗೆ! ನೋಡಲು ಹೊಗೆ, ನಿಜದಲ್ಲಿ ನೀರು. ದಟ್ಟ ಬಿಳಿ ಹೊಗೆ ಮಾಂಸಕ್ಕೆ ಕಹಿ ತರುತ್ತದೆ. ತೆಳ್ಳಗೆ, ನೀಲಿಯಾಗಿ ಬರುವುದೇ ರುಚಿಯ ಹೊಗೆ. ಅದಕ್ಕಾಗಿ ಮೇಲಿನ ಗಾಳಿಕಿಂಡಿ ತೆರೆದೇ ಇರಲಿ, ಶಾಖ ಏರಿಸಲು ಇಳಿಸಲು ಕೆಳಗಿನ ಕಿಂಡಿ ಬಳಸಿ. ಪದೇ ಪದೇ ಮುಚ್ಚಳ ಎತ್ತಿ ಇಣುಕಬೇಡಿ.

ಇವು ಆಮೇಲೆ ನೋಡಿದರಾಯಿತು

ಇದ್ದಿಲು ಸೇರಿಸಲು ಬದಿ ಮಡಚುವ ಜಾಲರಿ ಸಿಕ್ಕರೆ ಒಳ್ಳೆಯದು. ಉದ್ದನೆ ಇಕ್ಕಳ, ವೆಲ್ಡರುಗಳ ತೊಗಲಿನ ಕೈಗವಸು ಹತ್ತಿರದ ಅಂಗಡಿಯಲ್ಲೇ ದೊರೆಯುತ್ತವೆ. ತಿರುಗುವ ಸರಳು, ಫ್ಯಾನಿನಿಂದ ಶಾಖ ಹಿಡಿದಿಡುವ ಯಂತ್ರ, ಹೊಗೆಯ ಕೊಳವೆ ಇವೆಲ್ಲ ಹವ್ಯಾಸ ಹಿಡಿದ ಮೇಲಿನ ಮಾತು. ಹತ್ತು ಬಾರಿ ಬೇಯಿಸಿ ನೋಡಿ, ಯಾವುದರ ಕೊರತೆ ಕಾಡುತ್ತದೆಯೋ ಅದನ್ನು ಕೊಳ್ಳಿ.

ಕೊನೆಯದಾಗಿ ಒಂದು ಮಾತು. ಮಳೆ ಬಂತೆಂದು ಗ್ರಿಲ್ಲನ್ನು ಪಡಸಾಲೆಗೆ ಎಳೆದು ತರಬೇಡಿ, ಚಳಿಯೆಂದು ಕೆಂಡವನ್ನು ಮಲಗುವ ಕೋಣೆಗೆ ಒಯ್ಯಬೇಡಿ. ಇದ್ದಿಲಿನಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ. ಅಡುಗೆ ಮುಗಿದ ಮೇಲೆ ಎರಡೂ ಕಿಂಡಿ ಮುಚ್ಚಿ, ಬೂದಿಯನ್ನು ಮರುದಿನ ಮುಚ್ಚಳವಿರುವ ಲೋಹದ ಬಕೆಟ್ಟಿಗೆ ಸುರಿಯಿರಿ. ತಣ್ಣಗಾದಂತೆ ಕಂಡ ಬೂದಿಯೊಳಗೆ ಕೆಂಡ ಅಡಗಿರುತ್ತದೆ, ಹುಲ್ಲಿನ ಬಣವೆ ಹತ್ತಿರವಿದ್ದರಂತೂ ಹೇಳುವುದೇ ಬೇಡ.

ಥರ್ಮಾಮೀಟರ್ ಒಂದು, ಕೊಳವೆ ಒಂದು, ಹಳೆಯ ತಟ್ಟೆ ಒಂದು, ಇಟ್ಟಿಗೆ ಎರಡು. ಶುರು ಮಾಡಲು ಇಷ್ಟೇ ಸಾಕು. ಉಳಿದ ದುಡ್ಡಿಗೆ ಒಳ್ಳೆಯ ಕರಿ ತನ್ನಿ, ಎರಡೂ ಬಗೆಯದು!